ಆ ದಿನ ಪ್ರವಾಹ ಬರಲಿಲ್ಲ

ಹಿಂದೆ ಗೋಡೆಗೆ ಒರಗಿ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಎರಡು ಸಾಲು ಖಾಲಿ ಇದೆ.

ಈ ಸಭೆಯಲ್ಲಿ ಸಾಕ್ಷಿ ಹೇಳೋದನ್ನ ನೀವು ಎಷ್ಟೋ ಸಲ ನೋಡಿದ್ದೀರಿ. ಹೇಳಿದ ಸಾಕ್ಷಿಯನ್ನ ವಾಪಸ್ ತಗೊಳ್ಳೋದನ್ನ ನೋಡಿರಲಿಕ್ಕಿಲ್ಲ. ನಾನಂತೂ ನೋಡಿಲ್ಲ. ಇವತ್ತು ನಾನು ಅದನ್ನ ಮಾಡಬೇಕಾಗಿದೆ, ಅದಕ್ಕೇ ಸ್ವಲ್ಪ ಭಯ ಇದೆ, ನೀರಿನ ಬಾಟಲಿ ಹತ್ತಿರ ಇಟ್ಟುಕೊಂಡಿದ್ದೀನಿ.

ಮೂರು ವಾರದ ಹಿಂದೆ ನಮ್ಮ ಯೂತ್ ವಾಟ್ಸಾಪ್ ಗ್ರೂಪಿನಲ್ಲಿ ಮಲೆನಾಡಿನ ಕಡೆ ಒಂದು ಜಲಪಾತಕ್ಕೆ ಟ್ರೆಕ್ ಹೋಗೋಣ ಅಂತ ಮಾತು ಶುರುವಾಯ್ತು. ಮಳೆಗಾಲ. ಒಬ್ಬ ಸಹೋದರಿ, "ಬಂಡೆ ಜಾರುತ್ತೆ, ನೀರು ಯಾವಾಗ ಏರುತ್ತೋ ಹೇಳಕ್ಕಾಗಲ್ಲ, ಮಳೆ ಕಮ್ಮಿ ಆದ ಮೇಲೆ ಹೋಗೋಣ" ಅಂತ ಬರೆದಳು. ಅದರ ಕೆಳಗೆ ಒಬ್ಬ ತಮ್ಮ ಬರೆದ: "ಪಾಸ್ಟರ್ ಪ್ರಾರ್ಥನೆ ಮಾಡ್ಲಿ ಬಿಡಿ. ಅಮೆರಿಕದಲ್ಲಿ ಮಳೆ ನಿಂತಿಲ್ವಾ?" ಅದಕ್ಕೆ ಹದಿನಾಲ್ಕು ಜನ ಆಮೆನ್ ಹಾಕಿದ್ದರು. ಆ ಸಹೋದರಿ ಆಮೇಲೆ ಏನೂ ಬರೆಯಲಿಲ್ಲ. ನಾನು ಅದನ್ನ ಮೆಟ್ರೋದಲ್ಲಿ ನಿಂತುಕೊಂಡು ಓದಿದೆ. ಇಳಿಯಬೇಕಾದ ಸ್ಟೇಷನ್ ದಾಟಿ ಹೋಯ್ತು.

ಯಾಕೆ ಅಂದರೆ ಹಾಗೆ ಸುಮ್ಮನಾದ ಇನ್ನೊಬ್ಬ ಹೆಣ್ಣುಮಗಳನ್ನ ನಾನು ನೋಡಿದ್ದೆ. ಅವಳನ್ನ ಸುಮ್ಮನಾಗಿಸಿದವನು ನಾನೇ.

ನಿಮ್ಮಲ್ಲಿ ತುಂಬ ಜನಕ್ಕೆ ಆ ಸಾಕ್ಷಿ ನೆನಪಿದೆ. ನನ್ನ ಭಾವಮೈದ ಅಮೆರಿಕದ ಯೂಟಾ ರಾಜ್ಯದಲ್ಲಿ ಕೆಲಸ ಮಾಡ್ತಾನೆ. ನಾವು ಅವರ ಮನೆಗೆ ಹೋಗಿದ್ದಾಗ ಒಂದು ಶನಿವಾರ ಮರುಭೂಮಿಯ ಕಣಿವೆಗೆ ಹೈಕಿಂಗ್ ಹೋದೆವು, ಕಪ್ಪು ಮೋಡ ಬಂತು, ನಾನು ಯೇಸುವಿನ ನಾಮದಲ್ಲಿ ಮೋಡವನ್ನ ಗದರಿಸಿದೆ, ನಾವು ಕಾರು ಹತ್ತುವ ತನಕ ಒಂದು ಹನಿ ಬೀಳಲಿಲ್ಲ. ಇಷ್ಟು ಹೇಳಿದ್ದೆ. ನೀವು ಚಪ್ಪಾಳೆ ತಟ್ಟಿದ್ದಿರಿ. ಅದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ಆದರೂ ಆ ಸಾಕ್ಷಿ ಸುಳ್ಳು. ಅದು ಹೇಗೆ ಅಂತ ಹೇಳಬೇಕಾದರೆ ಆ ದಾರಿಯಲ್ಲಿ ನಿಮ್ಮನ್ನ ಪೂರ್ತಿ ನಡೆಸಿಕೊಂಡು ಹೋಗಬೇಕು.

ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ ಸುಮಾರು ನಾಲ್ಕು ಗಂಟೆಯ ಡ್ರೈವ್. ಸ್ಯಾನ್ ರಫೇಲ್ ಸ್ವೆಲ್ ಅಂತ ಆ ಪ್ರದೇಶದ ಹೆಸರು. ನೆಲ ಒಳಗಿಂದ ಯಾರೋ ತಳ್ಳಿದ ಹಾಗೆ ಗುಮ್ಮಟದ ಥರ ಉಬ್ಬಿದೆ, ಅದರ ಪೂರ್ವದ ಅಂಚಿನಲ್ಲಿ ಮರಳುಗಲ್ಲಿನ ಪದರಗಳು ಓರೆಯಾಗಿ ಮೇಲೆದ್ದು ನಿಂತಿವೆ. ಆ ಗೋಡೆಯನ್ನ ನೀರು ಕೊರೆದು ಮಾಡಿದ ಬಿರುಕುಗಳೇ ಈ ಕಣಿವೆಗಳು. ಗಾಬ್ಲಿನ್ ವ್ಯಾಲಿ ಅಂತ ಅಣಬೆ ಆಕಾರದ ಕಲ್ಲುಗಳಿರೋ ಒಂದು ಪಾರ್ಕ್ ಇದೆ, ಅದರ ಪಕ್ಕದಲ್ಲೇ ಲಿಟಲ್ ವೈಲ್ಡ್ ಹಾರ್ಸ್ ಕಣಿವೆ ಮತ್ತು ಬೆಲ್ ಕಣಿವೆ. ಒಂದರಲ್ಲಿ ಮೇಲೆ ಹತ್ತಿ, ಬೆಟ್ಟದ ಬೆನ್ನ ಹಿಂದೆ ಒಂದು ಹಳೇ ಜೀಪ್ ರಸ್ತೆಯಲ್ಲಿ ನಡೆದು, ಇನ್ನೊಂದರಲ್ಲಿ ಇಳಿದು ಹೊರಟ ಜಾಗಕ್ಕೇ ಬರಬಹುದು. ಒಟ್ಟು ಎಂಟು ಮೈಲಿ, ಅಂದರೆ ಸುಮಾರು 13 ಕಿಲೋಮೀಟರ್. ಶುರುವಿನಲ್ಲಿ ಒಂದು ಶೌಚಾಲಯ ಇದೆ, ಕುಡಿಯೋ ನೀರಿಲ್ಲ. ಒಂದು ಬೋರ್ಡ್ ಇದೆ. ಫ್ಲ್ಯಾಶ್ ಫ್ಲಡ್ ಅಂದರೆ ದಿಢೀರ್ ಪ್ರವಾಹದ ಎಚ್ಚರಿಕೆ. ನಾನು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಓದಲಿಲ್ಲ.

ನಾವು ಆರು ಜನ. ನಾನು, ಭಾವಮೈದ, ಅವನ ಹೆಂಡತಿ, ಅಲ್ಲಿನ ಮನೆಸಭೆಗೆ ಬರೋ ಇಬ್ಬರು ಸ್ಟೂಡೆಂಟ್ ಹುಡುಗರು, ಮತ್ತೆ ಭಾವಮೈದನ ಹೆಂಡತಿಯ ಆಫೀಸಿನ ಗೆಳತಿ. ಈ ತಂಗಿ ಹಾಸನದ ಕಡೆಯವಳು, ವಿಶ್ವಾಸಿ ಅಲ್ಲ. ನಮ್ಮೊಂದಿಗೆ ಕನ್ನಡ ಮಾತಾಡಬಹುದು ಅನ್ನೋ ಒಂದೇ ಆಸೆಗೆ ಬಂದಿದ್ದಳು. ಆ ಬೋರ್ಡನ್ನ ಪೂರ್ತಿ ಓದಿದ್ದು ಅವಳೊಬ್ಬಳೇ.

ಮೊದಲು ಬೆಲ್ ಕಣಿವೆ ಹತ್ತಿದೆವು. ಕಾಲಿನ ಕೆಳಗೆ ಜಲ್ಲಿಕಲ್ಲು, ಮರಳು. ಅರ್ಧ ಮೈಲಿಯಲ್ಲಿ ಒಂದು ಒಣ ಜಲಪಾತ ದಾರಿ ಅಡ್ಡಗಟ್ಟುತ್ತೆ, ಎಡಗಡೆ ಬಂಡೆಯ ಅಂಚು ಹತ್ತಿ ಬಳಸಿ ಹೋಗಬೇಕು. ಅದಾದ ಮೇಲೆ ಕಣಿವೆ ಎರಡಾಗುತ್ತೆ. ಬೆಲ್ ಕಡೆ ಅಲ್ಲಲ್ಲಿ ಗೋಡೆಗಳ ನಡುವೆ ದೊಡ್ಡ ಬಂಡೆಗಳು ಸಿಕ್ಕಿಕೊಂಡಿವೆ. ಒಬ್ಬ ಮೇಲೆ ಹತ್ತಿ ಕೈ ಕೊಡಬೇಕು, ಕೆಳಗಿನವನು ಮೊಣಕಾಲನ್ನ ಮೆಟ್ಟಿಲು ಮಾಡಿ ಕೊಡಬೇಕು. ನಮ್ಮ ಆಫೀಸ್ ಕುರ್ಚಿಯ ದೇಹಕ್ಕೆ ಇದು ಎಂಥ ಪರೀಕ್ಷೆ ಅಂದರೆ, ಎರಡನೇ ಬಂಡೆಯಲ್ಲೇ ನನ್ನ ಪ್ಯಾಂಟು ಮೊಣಕಾಲಲ್ಲಿ ಹರಿಯಿತು. ಆದರೆ ನಿಜ ಹೇಳ್ತೀನಿ, ತುಂಬ ಸಂತೋಷವಾಗಿತ್ತು. ಅಲ್ಲಿ ಫೋನ್ ಸಿಗ್ನಲ್ ಇಲ್ಲ. ಒಬ್ಬರ ಕೈ ಇನ್ನೊಬ್ಬರಿಗೆ ಬೇಕೇ ಬೇಕು. ಸಭೆ ಅಂದರೆ ಹೀಗಿರಬೇಕು ಅಂತ ನಾನು ಹುಡುಗರಿಗೆ ಅಲ್ಲೇ ಒಂದು ಸಣ್ಣ ಪ್ರಸಂಗ ಮಾಡಿಬಿಟ್ಟೆ. ಪ್ರಸಂಗಿಗಳ ರೋಗ ಅದು.

ದಾರಿಯಲ್ಲಿ ಭಾವಮೈದ ಏರನ್ ರಾಲ್ಸ್ಟನ್ ಕಥೆ ಹೇಳಿದ. ನೀವು '127 ಅವರ್ಸ್' ಸಿನಿಮಾ ನೋಡಿರಬಹುದು, ನಮ್ಮ ಎ. ಆರ್. ರೆಹಮಾನ್ ಸಂಗೀತ. ಅದು ನಡೆದ ಬ್ಲೂಜಾನ್ ಕಣಿವೆಯೂ ಯೂಟಾದ ಅದೇ ಭಾಗದಲ್ಲಿದೆ. 2003ರ ಏಪ್ರಿಲ್ 26ರಂದು ಒಬ್ಬನೇ ಹೋಗಿದ್ದ. ಮೇಲಿನ ಬಂಡೆ ಜಾರಿ ಬಲಗೈ ಸಿಕ್ಕಿಕೊಂಡಿತು. ಎಲ್ಲಿಗೆ ಹೋಗ್ತೀನಿ ಅಂತ ಯಾರಿಗೂ ಹೇಳಿರಲಿಲ್ಲ. ಐದು ದಿನ ಕಾದು, ಕೊನೆಗೆ ತನ್ನ ಕೈಯನ್ನ ತಾನೇ ಕತ್ತರಿಸಿಕೊಂಡು ಹೊರಗೆ ಬಂದ. ನಾವು ಅಯ್ಯೋ ಅಂದೆವು. "ನಾವು ಆರು ಜನ ಇದ್ದೀವಲ್ಲ" ಅಂತ ನಾನೇ ಸಮಾಧಾನ ಹೇಳಿದೆ. ಆರು ಜನ ಇದ್ದರೆ ಅಪಾಯ ಕಮ್ಮಿ ಅಂದುಕೊಂಡಿದ್ದೆ. ಆರು ಜನ ಇದ್ದಾಗ ಬೇರೆ ಥರದ ಅಪಾಯ ಇರುತ್ತೆ ಅಂತ ಗೊತ್ತಿರಲಿಲ್ಲ.

ಬೆಲ್ ಕಣಿವೆ ಮುಗಿದು ಬೆಟ್ಟದ ಬೆನ್ನ ಹಿಂದೆ ಬಯಲಿಗೆ ಬಂದಾಗ ಮಧ್ಯಾಹ್ನ. ಒಂದು ಮರದ ನೆರಳೂ ಇಲ್ಲ. ಸೆಪ್ಟೆಂಬರ್ ತಿಂಗಳು. ಅಲ್ಲಿ ಜುಲೈಯಿಂದ ಸೆಪ್ಟೆಂಬರ್ ತನಕ ಮಧ್ಯಾಹ್ನದ ಗುಡುಗು ಮಳೆಯ ಕಾಲ, ಅದನ್ನ ಅವರೂ ಮಾನ್ಸೂನ್ ಅಂತಲೇ ಕರೀತಾರೆ. ಜೀಪ್ ರಸ್ತೆಯಲ್ಲಿ ನಡೆದು ಲಿಟಲ್ ವೈಲ್ಡ್ ಹಾರ್ಸ್ ಕಣಿವೆಯ ಮೇಲ್ತುದಿಗೆ ಬಂದಾಗ ಒಂದೂವರೆ ಗಂಟೆ. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ನಮ್ಮ ತಲೆ ಮೇಲೆ ಬಿಸಿಲೇ ಇತ್ತು.

ಹಾಸನದ ತಂಗಿ ನಿಂತುಬಿಟ್ಟಳು. "ಸರ್, ಒಂದೆರಡು ಗಂಟೆ ಇಲ್ಲೇ ಎತ್ತರದಲ್ಲಿ ಕೂರೋಣ. ಮೋಡ ಹೋದ ಮೇಲೆ ಇಳಿಯೋಣ. ಬೋರ್ಡಲ್ಲಿ ಬರೆದಿತ್ತು, ಮಳೆ ದೂರದಲ್ಲಿ ಬಿದ್ದರೂ ನೀರು ಈ ಕಣಿವೆಗೇ ಬರುತ್ತೆ ಅಂತ."

ಅವಳು ಹೇಳಿದ್ದು ಸರಿಯಾಗಿತ್ತು. ಬರಿಯ ಬಂಡೆಯ ನಾಡು ಅದು. ನಮ್ಮ ಊರಿನ ಮಣ್ಣಿನ ಹಾಗೆ ನೀರು ಕುಡಿಯಲ್ಲ. ಬಿದ್ದ ಮಳೆಯೆಲ್ಲ ಜಾರಿ ಒಂದೇ ಬಿರುಕಿಗೆ ಸೇರುತ್ತೆ. ಬಯಲಲ್ಲಿ ಪಾದ ಮುಳುಗುವಷ್ಟು ನೀರು, ಭುಜದಗಲದ ಗಲ್ಲಿಯಲ್ಲಿ ತಲೆ ಮುಳುಗುವಷ್ಟಾಗುತ್ತೆ. ಓಡಲಿಕ್ಕೆ ಪಕ್ಕಕ್ಕೆ ಜಾಗವೇ ಇಲ್ಲ.

ನನಗೆ ಆ ಸಂಜೆ ಮನೆಸಭೆಯಲ್ಲಿ ಪ್ರಸಂಗ ಇತ್ತು. ಅಲ್ಲಿ ಎರಡು ಗಂಟೆ ಕೂತರೆ ತಪ್ಪಿಹೋಗುತ್ತೆ. ಈ ಕಾರಣವನ್ನ ನಾನು ಸಾಕ್ಷಿಯಲ್ಲಿ ನಿಮಗೆ ಹೇಳಿರಲಿಲ್ಲ. ಇನ್ನೊಂದನ್ನೂ ಹೇಳಿರಲಿಲ್ಲ. ಹುಡುಗರಿಬ್ಬರೂ ನನ್ನ ಮುಖ ನೋಡ್ತಿದ್ದರು. ಪಾಸ್ಟರ್ ಏನು ಮಾಡ್ತಾರೆ ಅಂತ. ಮಾರ್ಕ 4ನೇ ಅಧ್ಯಾಯವನ್ನ ಹಿಂದಿನ ರಾತ್ರಿಯಷ್ಟೇ ಅವರಿಗೆ ಕಲಿಸಿದ್ದೆ, ಯೇಸು ಬಿರುಗಾಳಿಯನ್ನ ಗದರಿಸಿದ ಭಾಗ. ನಾನು ಕೈ ಎತ್ತಿದೆ. "ಬನ್ನಿ, ಪ್ರಾರ್ಥನೆ ಮಾಡೋಣ" ಅಂದೆ. ಜೋರಾಗಿ ಪ್ರಾರ್ಥಿಸಿದೆ. ಆಮೆನ್ ಅಂದ ಮೇಲೆ ಕಣ್ಣು ಬಿಟ್ಟೆ. ಎಲ್ಲರೂ ಬ್ಯಾಗ್ ಹಾಕ್ಕೊಳ್ತಿದ್ದರು. ಆ ತಂಗಿ ಒಂದು ಕ್ಷಣ ಮೋಡ ನೋಡಿದಳು, ಆಮೇಲೆ ಅವಳೂ ಬ್ಯಾಗ್ ಹಾಕ್ಕೊಂಡಳು.

ಅವಳು ಇನ್ನೇನು ಮಾಡಬಹುದಿತ್ತು ಹೇಳಿ. ಐದು ಜನ ಆಮೆನ್ ಅಂದಿದ್ದಾರೆ, ಕಾರಿನ ಕೀ ಅವರ ಹತ್ರ ಇದೆ. ಪ್ರಾರ್ಥನೆಗೆ ಮೊದಲು "ಬೇಡ" ಅಂದರೆ ಅದು ಒಂದು ಅಭಿಪ್ರಾಯ. ಪ್ರಾರ್ಥನೆ ಆದ ಮೇಲೆ "ಬೇಡ" ಅಂದರೆ ಅದು ನಮ್ಮ ದೇವರಿಗೆ ಅವಮಾನ. ನಾನು ಅವಳ ವಾದಕ್ಕೆ ಉತ್ತರ ಕೊಡಲಿಲ್ಲ, ಅವಳಿಗೆ ಮಾತಾಡೋ ಜಾಗವನ್ನೇ ತೆಗೆದುಬಿಟ್ಟೆ. ಮೋಡಕ್ಕಿಂತ ಮೊದಲು ನಾನು ಗದರಿಸಿದ್ದು ಅವಳನ್ನ.

ಕಣಿವೆಯ ಒಳಗೆ ಹೋದ ಮೇಲೆ ಏನಾಯ್ತು? ಮೊದಲು ಅಗಲವಾಗಿಯೇ ಇತ್ತು. ಕೆಳಗೆ ಹೋಗ್ತಾ ಗೋಡೆಗಳು ಹತ್ತಿರ ಬಂದವು. ಅಲೆ ಅಲೆಯಾಗಿ ನುಣ್ಣಗೆ ಕೊರೆದ ಕಲ್ಲು, ಜೇನುಗೂಡಿನ ಥರ ತೂತುಗಳು. ಬೇರೆ ದಿನ ಆಗಿದ್ದರೆ ಸೃಷ್ಟಿಕರ್ತನಿಗೆ ಸ್ತೋತ್ರ ಹೇಳ್ತಾ ನಿಧಾನ ನಡೆಯುವ ಜಾಗ ಅದು. ಕೆಲವು ಕಡೆ ಪಕ್ಕಕ್ಕೆ ತಿರುಗಿ, ಬ್ಯಾಗನ್ನ ಕೈಯಲ್ಲಿ ಹಿಡಿದು ಸರಿಯಬೇಕು. ಒಂದು ಕಡೆ ತಲೆ ಎತ್ತಿ ನೋಡಿದೆ. ನನ್ನ ಕೈಗೆ ಎಟುಕದ ಎತ್ತರದಲ್ಲಿ ಬಿರುಕಿಗೆ ಒಣ ಕಡ್ಡಿ, ಹುಲ್ಲು ಸಿಕ್ಕಿಕೊಂಡಿತ್ತು. ಅದನ್ನ ಅಲ್ಲಿಗೆ ತಂದಿಟ್ಟಿದ್ದು ನೀರು. ಅದನ್ನ ನಾನು ಯಾರಿಗೂ ತೋರಿಸಲಿಲ್ಲ.

ಆಮೇಲೆ ಗುಡುಗು ಕೇಳಿಸ್ತು. ಎಷ್ಟು ದೂರ ಅಂತ ಗೊತ್ತಾಗಲ್ಲ, ಒಳಗೆ ಸದ್ದು ತಿರುಗುತ್ತೆ. ಒಂದು ಬಂಡೆ ಇಳಿಯೋ ಕಡೆ ಸ್ಟೂಡೆಂಟ್ ಹುಡುಗರಲ್ಲಿ ಚಿಕ್ಕವನು ಹೆದರಿ ಕೂತುಬಿಟ್ಟ. ಕೆಳಗೆ ಕಾಲಿಡೋ ಜಾಗ ಅವನಿಗೆ ಕಾಣಿಸ್ತಿರಲಿಲ್ಲ. ಹತ್ತು ನಿಮಿಷ. ಅವನಿಗೆ ನಾನು "ಭಯಪಡಬೇಡ, ಕರ್ತನಿದ್ದಾನೆ" ಅಂತಿದ್ದೆ, ಕಿವಿ ಮಾತ್ರ ಹಿಂದಕ್ಕೆ ಇಟ್ಟಿದ್ದೆ. ಮೇಲೆ ಗಾಳಿ ಬೀಸಿದ ಸದ್ದಿಗೆ ನನ್ನ ಹೊಟ್ಟೆ ತಣ್ಣಗಾಯ್ತು. ಆಗ ನಾನು ಮಾಡಿದ ಪ್ರಾರ್ಥನೆಯಲ್ಲಿ ಗದರಿಸೋದೇನೂ ಇರಲಿಲ್ಲ. "ಕರ್ತನೇ, ಈ ಮಕ್ಕಳನ್ನ ನಾನು ಕರ್ಕೊಂಡು ಬಂದುಬಿಟ್ಟೆ" ಅಂತ ಅಷ್ಟೇ. ಕೊನೆಗೆ ಆ ಹುಡುಗನ ಕಾಲನ್ನ ಕೈಯಲ್ಲಿ ಹಿಡಿದು, "ಇಲ್ಲಿಡು, ಈಗ ಭಾರ ಹಾಕು" ಅಂತ ಒಂದೊಂದೇ ಹೆಜ್ಜೆ ಇಳಿಸಿದ್ದು ಹಾಸನದ ತಂಗಿ.

ಪ್ರವಾಹ ಬರಲಿಲ್ಲ. ನಾಲ್ಕೂವರೆಗೆ ಕಾರಿನ ಹತ್ರ ಬಂದೆವು. ಬಾಗಿಲು ಹಾಕಿದ ಮೇಲೆ ಗಾಜಿನ ಮೇಲೆ ನಾಲ್ಕು ಹನಿ. ಹುಡುಗರು ಹಲ್ಲೆಲೂಯಾ ಅಂತ ಕೂಗಿದರು. ನಾನೂ ಕೂಗಿದೆ. ಹತ್ತು ನಿಮಿಷದಲ್ಲಿ ನನ್ನ ಭಯವೆಲ್ಲ ವಿಶ್ವಾಸ ಆಗಿ ಬದಲಾಗಿತ್ತು.

ಹೈವೇಗೆ ಬಂದ ಮೇಲೆ ಆ ತಂಗಿ ಮೆಲ್ಲಗೆ ಮಾತಾಡಿದಳು. ಅದೇ ರಾಜ್ಯದಲ್ಲಿ ಜಯಾನ್ ನ್ಯಾಷನಲ್ ಪಾರ್ಕ್ ಅಂತ ಇದೆ. ನಮ್ಮ ಚೀಯೋನ್, ಅದೇ ಹೆಸರು. 2015ರ ಸೆಪ್ಟೆಂಬರ್ 14ರಂದು ಅಲ್ಲಿನ ಕೀಹೋಲ್ ಕಣಿವೆಯಲ್ಲಿ ಏಳು ಜನ ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡರು. ಕ್ಯಾಲಿಫೋರ್ನಿಯಾ, ನೆವಾಡಾದಿಂದ ಬಂದವರು. ಪ್ರವಾಹ ಬರುವ ಸಂಭವ ಇದೆ ಅಂತ ಪಾರ್ಕಿನವರು ಹೇಳಿದ್ದರು. ಆದರೆ ಹೋಗೋದು ಬಿಡೋದು ಅವರವರಿಗೆ ಬಿಟ್ಟಿದ್ದು ಅನ್ನೋದು ಅಲ್ಲಿನ ಪದ್ಧತಿ. ಮಧ್ಯಾಹ್ನ ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ಮೇಲೆ ಕಣಿವೆಗಳನ್ನ ಮುಚ್ಚಿದರು, ಅಷ್ಟು ಹೊತ್ತಿಗೆ ಅವರು ಹೊರಟುಹೋಗಿದ್ದರು.

ಇಷ್ಟು ಹೇಳಿ ಅವಳು ಕೇಳಿದಳು: "ಸರ್, ಬೇಜಾರು ಮಾಡ್ಕೋಬೇಡಿ. ಇವತ್ತು ನೀರು ಬರಲಿಲ್ಲ, ವಿಶ್ವಾಸ ಅಂತೀರಿ. ಬಂದು ನಾವೆಲ್ಲ ಹೋಗಿಬಿಟ್ಟಿದ್ರೆ ದೇವರ ಚಿತ್ತ ಅಂತಿದ್ರು. ಹಾಗಾದ್ರೆ ನಮ್ಮ ತಪ್ಪು ಅಂತ ಯಾವಾಗ ಹೇಳ್ತೀರಿ?"

ಕಾರಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಭಾವಮೈದನ ಹೆಂಡತಿ ಹಾಡು ಹಾಕಿದಳು. ನಾನು ಆ ರಾತ್ರಿ ಓಡೋಡಿ ಹೋಗಿ ಸಾಕ್ಷಿ ಹೇಳಿದೆ, ಎರಡು ವಾರ ಆದ ಮೇಲೆ ಇಲ್ಲಿ ಬಂದು ನಿಮಗೂ ಹೇಳಿದೆ. ಅವಳ ಪ್ರಶ್ನೆಯನ್ನ ಮಾತ್ರ ಹೇಳಲಿಲ್ಲ.

ಆ ಪ್ರಶ್ನೆಯನ್ನ ನಾನು ತುಂಬ ದಿನ ಹೊತ್ತುಕೊಂಡು ತಿರುಗಿದ್ದೀನಿ. ನಾನು ಫಿಲಾಸಫಿ ಓದಿದವನಲ್ಲ. ಬೈಬಲ್ ಕಾಲೇಜ್ ಡಿಪ್ಲೊಮಾದಲ್ಲಿ ನೀತಿಶಾಸ್ತ್ರ ಅಂತ ಒಂದು ಪೇಪರ್ ಇತ್ತು, ಅದರಲ್ಲಿ ಪಾಸಾಗಿದ್ದೆ, ಅಷ್ಟೇ. ಹಳೇ ನೋಟ್ಸ್ ತೆಗೆದು ನೋಡಿದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅಂತ ಇಬ್ಬರು ತತ್ವಶಾಸ್ತ್ರಜ್ಞರು ಇದರ ಬಗ್ಗೆಯೇ ಬರೆದಿದ್ದಾರೆ. ಅದಕ್ಕೆ ಅವರು ಕೊಟ್ಟ ಹೆಸರು ಮಾರಲ್ ಲಕ್. ನೈತಿಕ ಅದೃಷ್ಟ ಅನ್ನಬಹುದು, ನಮ್ಮ ಸಭೆಯಲ್ಲಿ ಅದೃಷ್ಟ ಅನ್ನೋ ಪದ ಬಳಸಲ್ಲ, ಆದರೂ ಇವತ್ತಿಗೆ ಇರಲಿ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಹೀಗೆ. ರಾತ್ರಿ ಔಟರ್ ರಿಂಗ್ ರೋಡಿನಲ್ಲಿ ಇಬ್ಬರು ಬೈಕ್ ಓಡಿಸ್ತಿದ್ದಾರೆ. ಇಬ್ಬರೂ ಮೊಬೈಲ್ ನೋಡ್ತಾ ಸಿಗ್ನಲ್ ಹಾರಿಸ್ತಾರೆ. ಒಬ್ಬನಿಗೆ ರಸ್ತೆ ಖಾಲಿ. ಇನ್ನೊಬ್ಬನ ಮುಂದೆ ಒಬ್ಬ ಅಜ್ಜಿ. ಮೊದಲನೆಯವನು ಮನೆಗೆ ಹೋಗಿ ಊಟ ಮಾಡಿ ಮಲಗ್ತಾನೆ. ಎರಡನೆಯವನನ್ನ ಕೊಲೆಗಾರ ಅಂತೀವಿ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ವ್ಯತ್ಯಾಸ ಇದ್ದದ್ದು ಅಜ್ಜಿಯಲ್ಲಿ. ಮೊದಲನೆಯವನು ಸೇಫಾಗಿ ಮನೆ ಸೇರಿದ ಅನ್ನೋದು ಅವನು ಸರಿ ಮಾಡಿದ ಅನ್ನೋದಕ್ಕೆ ಸಾಕ್ಷಿಯಾ? ಅವನು ಭಾನುವಾರ ಬಂದು, "ಪಾಸ್ಟರ್, ಮೂರು ಸಿಗ್ನಲ್ ಹಾರಿಸಿದೆ, ಕರ್ತನು ಕಾಪಾಡಿದ" ಅಂದರೆ ನಾನು ಮೈಕ್ ಕೊಡ್ತೀನಾ?

ಆದರೆ ನನ್ನ ಕೈಗೆ ನಾನೇ ಮೈಕ್ ಕೊಟ್ಟುಕೊಂಡೆ.

ಈಗ ವಾಕ್ಯಕ್ಕೆ ಬರೋಣ. ಮತ್ತಾಯ 4 ತೆಗೀರಿ. ಸೈತಾನನು ಯೇಸುವನ್ನ ದೇವಾಲಯದ ತುದಿಗೆ ಕರ್ಕೊಂಡು ಹೋಗಿ, ಇಲ್ಲಿಂದ ಕೆಳಗೆ ಬೀಳು ಅಂತಾನೆ. ಅದಕ್ಕೆ 91ನೇ ಕೀರ್ತನೆಯನ್ನ ಹಿಡಿದುಕೊಂಡು ಬರ್ತಾನೆ, ದೂತರು ಕೈಯಲ್ಲಿ ಎತ್ತಿಕೊಳ್ತಾರೆ ಅನ್ನೋ ವಾಗ್ದಾನ. ಇದು ನಮಗೆಲ್ಲ ಗೊತ್ತಿರೋ ಭಾಗ. ಆದರೆ ಒಂದು ವಿಷಯ ಕೇಳ್ತೀನಿ, ಸ್ವಲ್ಪ ಯೋಚನೆ ಮಾಡಿ. ಯೇಸು ಹಾರಿದ್ದರೆ ದೂತರು ಹಿಡೀತಿರಲಿಲ್ವಾ? ವಾಗ್ದಾನ ಸುಳ್ಳಾ? ಅಲ್ಲ. ಹಿಡೀತಿದ್ದರು ಅಂತಲೇ ಇಟ್ಟುಕೊಳ್ಳೋಣ. ಒಂದು ಗೀರೂ ಬೀಳದೆ ಕೆಳಗೆ ನಿಂತಿರ್ತಿದ್ದನು, ಜನ ಚಪ್ಪಾಳೆ ತಟ್ಟಿರ್ತಿದ್ದರು. ಆಗಲೂ ಅದು ತಪ್ಪೇ ಆಗಿರ್ತಿತ್ತು. ಯೇಸು ಕೊಟ್ಟ ಉತ್ತರದಲ್ಲಿ ಬಿದ್ದು ಪೆಟ್ಟಾಗುತ್ತೆ ಅನ್ನೋ ಮಾತೇ ಇಲ್ಲ. ದೇವರನ್ನ ಪರೀಕ್ಷೆ ಮಾಡಬಾರದು ಅನ್ನೋ ಧರ್ಮೋಪದೇಶಕಾಂಡ 6:16ರ ಮಾತನ್ನ ಇಟ್ಟು ನಿಲ್ಲಿಸ್ತಾನೆ. ಆ ತಂಗಿಯ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ತಪ್ಪು ಅಂತ ಯಾವಾಗ ಹೇಳ್ತೀರಿ? ಹಾರೋ ಮೊದಲೇ ಹೇಳಬೇಕು. ನೆಲ ಮುಟ್ಟಿದ ಮೇಲೆ ಲೆಕ್ಕ ಹಾಕೋ ವಿಷಯ ಅಲ್ಲ ಅದು.

ಆ 6:16ರಲ್ಲಿ ಮಸ್ಸಾ ಅನ್ನೋ ಜಾಗದ ಹೆಸರಿದೆ ನೋಡಿ. ವಿಮೋಚನಕಾಂಡ 17. ಅದೂ ಮರುಭೂಮಿ, ಅದೂ ಬಂಡೆ, ಅದೂ ನೀರಿನ ವಿಷಯ. ಅಲ್ಲಿ ಜನ ನೀರಿಲ್ಲ ಅಂತ ಕೇಳಿದ್ದು ನಿಜವಾದ ಬಾಯಾರಿಕೆಯಿಂದ. ಆದರೆ ಕರ್ತನು ನಮ್ಮ ನಡುವೆ ಇದ್ದಾನೋ ಇಲ್ಲವೋ ಅನ್ನೋದನ್ನ ಆ ನೀರಿಗೆ ಕಟ್ಟಿಬಿಟ್ಟರು. ನಾನು ಆ ಬೆಟ್ಟದ ಮೇಲೆ ಮಾಡಿದ್ದೂ ಅದನ್ನೇ, ಉಲ್ಟಾ ಮಾಡಿದೆ ಅಷ್ಟೇ. ಮಳೆ ಬರದಿದ್ದರೆ ದೇವರಿದ್ದಾನೆ. ಹಾಗಾದರೆ ಮಳೆ ಬಂದಿದ್ದರೆ? ಆ ಇಬ್ಬರು ಹುಡುಗರ ವಿಶ್ವಾಸವನ್ನ ನಾನು ಯಾವ ಮೋಡಕ್ಕೆ ಕಟ್ಟಿಬಿಟ್ಟಿದ್ದೆ!

ಈಗ ನಿಮ್ಮಲ್ಲಿ ಕೆಲವರು ಒಳಗೇ ವಾದ ಮಾಡ್ತಿದ್ದೀರಿ, ನನಗೆ ಮುಖ ನೋಡಿದರೆ ಗೊತ್ತಾಗುತ್ತೆ. ಪಾಸ್ಟರ್, ಹಾಗಾದರೆ ಯಾರೂ ರಿಸ್ಕ್ ತಗೋಬಾರದಾ? ಪೌಲನು ಸೆರೆ ಕಾದಿದೆ ಅಂತ ಗೊತ್ತಿದ್ದೂ ಯೆರೂಸಲೇಮಿಗೆ ಹೋಗಲಿಲ್ವಾ? ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆಯನ್ನ ಇಟ್ಟುಕೊಂಡು ಬಹಳ ದಿನ ನಾನು ನನ್ನನ್ನ ಸಮರ್ಥಿಸಿಕೊಂಡೆ. ಆದರೆ ನೋಡಿ, ಪೌಲನು ಹೋದದ್ದು ತನ್ನ ಸಾಕ್ಷಿಗೆ, ತನ್ನ ಕೈಗೆ ಬೀಳೋ ಬೇಡಿಗೆ. ಅದೇ ಪೌಲನು ಅಪೊಸ್ತಲರ ಕೃತ್ಯಗಳು 27ರಲ್ಲಿ ಹಡಗಿನಲ್ಲಿದ್ದಾಗ ಏನಂದ? ಈ ಕಾಲದಲ್ಲಿ ಹೊರಡಬೇಡಿ, ಪ್ರಾಣಹಾನಿ ಆಗುತ್ತೆ ಅಂದ. ಬೇರೆಯವರ ಪ್ರಾಣ ಇದ್ದಾಗ ಅವನು ವಿಶ್ವಾಸದ ಹೆಸರಿನಲ್ಲಿ ಹಾಯಿ ಬಿಚ್ಚಲಿಲ್ಲ. ಶತಾಧಿಪತಿ ಒಬ್ಬ ಕೈದಿಯ ಮಾತಿಗಿಂತ ನಾವಿಕನ, ಹಡಗಿನ ಒಡೆಯನ ಮಾತನ್ನ ಕೇಳಿದ. ದಕ್ಷಿಣದ ಗಾಳಿ ಮೆಲ್ಲಗೆ ಬೀಸಿತು, ಸರಿ ಹೋಯ್ತು ಅಂದುಕೊಂಡು ಹೊರಟರು. ಆ ಕಥೆ ಓದುವಾಗ ನಾವೆಲ್ಲ ನಮ್ಮನ್ನ ಪೌಲನ ಜಾಗದಲ್ಲಿ ಇಟ್ಟುಕೊಂಡು ಓದ್ತೀವಿ. ಆ ಬೆಟ್ಟದ ಮೇಲೆ ಪೌಲನ ಮಾತನ್ನ ಹೇಳಿದವಳು ಹಾಸನದ ಆ ಹುಡುಗಿ. ನಾನು ಶತಾಧಿಪತಿ.

ಅದೇ ಅಧ್ಯಾಯದಲ್ಲಿ ನನಗೆ ಇನ್ನೂ ಒಂದು ಇಷ್ಟ. ಹಡಗಿನಲ್ಲಿ 276 ಜನ. ಯಾರ ಪ್ರಾಣವೂ ಹೋಗಲ್ಲ ಅಂತ ದೇವದೂತನು ಪೌಲನಿಗೆ ಹೇಳಿಯಾಗಿದೆ. ಆದರೂ ನಾವಿಕರು ಚಿಕ್ಕ ದೋಣಿಯಲ್ಲಿ ಕದ್ದು ಓಡಲಿಕ್ಕೆ ನೋಡಿದಾಗ, ಇವರು ಹಡಗಿನಲ್ಲಿ ಇಲ್ಲದಿದ್ದರೆ ನೀವು ಉಳಿಯಲ್ಲ ಅಂತಾನೆ. ವಾಗ್ದಾನ ಇದೆ, ನಾವಿಕರೂ ಬೇಕು. ನಮ್ಮಲ್ಲಿ ಎಷ್ಟು ಜನ ಬೋರ್ಡ್ ಓದೋದು, ಹವಾಮಾನ ನೋಡೋದು, ಮಾತ್ರೆ ನುಂಗೋದು ವಿಶ್ವಾಸ ಕಮ್ಮಿ ಇರೋರ ಕೆಲಸ ಅಂದುಕೊಂಡಿದ್ದೀವಿ!

ಆಮೇಲೆ 2 ಸಮುವೇಲ 23. ಇದನ್ನ ನಿಧಾನವಾಗಿ ಹೇಳ್ತೀನಿ, ನನ್ನನ್ನ ಹೆಚ್ಚು ಚುಚ್ಚಿದ ಭಾಗ ಇದು. ದಾವೀದನು ಅದುಲ್ಲಾಮ್ ಗವಿಯಲ್ಲಿದ್ದಾನೆ. ಸುಗ್ಗಿಯ ಕಾಲ, ಬಿಸಿಲು. ಬೇತ್ಲೆಹೇಮಿನ ಬಾಗಿಲ ಹತ್ರದ ಬಾವಿಯ ನೀರು ಯಾರಾದರೂ ತಂದುಕೊಟ್ಟರೆ ಅಂತ ಆಸೆಪಡ್ತಾನೆ. ಆಜ್ಞೆ ಅಲ್ಲ, ಬರೀ ಆಸೆ. ಮೂರು ಜನ ಶೂರರು ಫಿಲಿಷ್ಟಿಯರ ದಂಡಿನೊಳಗೆ ನುಗ್ಗಿ ನೀರು ತಂದುಬಿಡ್ತಾರೆ. ಯಾರಿಗೂ ಏನೂ ಆಗಿಲ್ಲ. ಗೆದ್ದು ಬಂದಿದ್ದಾರೆ. ನಾನಾಗಿದ್ದರೆ ಆ ನೀರು ಕುಡಿದು, ಎಂಥ ವಿಶ್ವಾಸವೀರರು ಅಂತ ಸಾಕ್ಷಿ ಹೇಳಿಸ್ತಿದ್ದೆ. ದಾವೀದನು ಕುಡಿಯಲ್ಲ. ಅದನ್ನ ಕರ್ತನ ಮುಂದೆ ಸುರೀತಾನೆ. ಇದು ನೀರಲ್ಲ, ಇವರ ರಕ್ತ ಅನ್ನೋ ಅರ್ಥದ ಮಾತಾಡ್ತಾನೆ. ಕೆಟ್ಟದ್ದೇನೂ ಆಗಿಲ್ಲದಿದ್ದರೂ ಏನಾಗಬಹುದಿತ್ತು ಅನ್ನೋದನ್ನ ನೋಡಿ ಅವನು ನಡುಗಿದ. ನಾನೊಂದು ಮಾತು ಹೇಳಿದರೆ ಇವರು ಪ್ರಾಣವನ್ನೇ ಇಡ್ತಾರೆ ಅಂತ ಅವನಿಗೆ ಅವತ್ತು ಗೊತ್ತಾಯ್ತು.

ಆ ಸಂಜೆ ಮನೆಸಭೆಯಲ್ಲಿ ನಾನು ಆ ನೀರನ್ನ ಕುಡಿದೆ. ಎರಡು ವಾರದ ಮೇಲೆ ಇಲ್ಲಿ ಮತ್ತೆ ಕುಡಿದೆ.

ಹಾಗಾದರೆ ಆ ದಿನ ದೇವರು ನಮ್ಮನ್ನ ಕಾಪಾಡಲಿಲ್ವಾ? ಕಾಪಾಡಿದನು ಅಂತ ನಾನು ಈಗಲೂ ನಂಬ್ತೀನಿ, ದಿನಾ ಸ್ತೋತ್ರ ಹೇಳ್ತೀನಿ. ಆದರೆ ಯಾವುದರಿಂದ ಕಾಪಾಡಿದನು? ನನ್ನಿಂದ. ರೋಮಾಪುರದವರಿಗೆ ಬರೆದ ಪತ್ರ 2:4ರಲ್ಲಿ ದೇವರ ದಯೆ ನಮ್ಮನ್ನ ಮಾನಸಾಂತರಕ್ಕೆ ನಡೆಸಬೇಕು ಅಂತಿದೆ. ನಾನು ಆ ದಯೆಯನ್ನ ಸರ್ಟಿಫಿಕೇಟ್ ಮಾಡಿ ಗೋಡೆಗೆ ತೂಗುಹಾಕಿದೆ. ಆ ಏಳು ಜನರ ವಿಷಯದಲ್ಲೂ ಎಚ್ಚರವಾಗಿರಿ. ಅವರ ವಿಶ್ವಾಸ ಏನಿತ್ತು, ಪ್ರಾರ್ಥನೆ ಮಾಡಿದ್ರಾ ಅಂತ ಕೇಳೋ ಬಾಯಿ ನಮ್ಮದಾಗಬಾರದು. ಲೂಕ 13ರಲ್ಲಿ ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತರಲ್ಲ, ಅವರು ಹೆಚ್ಚು ಪಾಪಿಗಳಾ ಅಂತ ಯೇಸು ಕೇಳಿ, ಇಲ್ಲ ಅಂತ ತಾನೇ ಹೇಳ್ತಾನೆ. ನನ್ನ ಸಾಕ್ಷಿ ಬಾಯಿ ಬಿಟ್ಟು ಹೇಳದೆ ಅವರನ್ನ ಅವಮಾನ ಮಾಡ್ತಿತ್ತು. ನಾನು ಪ್ರಾರ್ಥಿಸಿದೆ, ಉಳಿದೆ ಅನ್ನೋದರ ಬೆನ್ನ ಹಿಂದೆ ಇನ್ನೊಂದು ವಾಕ್ಯ ಇರುತ್ತೆ. ಅದನ್ನ ಆ ಏಳು ಜನರ ಮನೆಯವರು ಕೇಳಿಸ್ಕೊಂಡರೆ ಹೇಗಿರುತ್ತೆ?

ಇನ್ನೂ ಒಂದು ನನಗೆ ಬಗೆಹರಿದಿಲ್ಲ, ಹಾಗೇ ಹೇಳಿಬಿಡ್ತೀನಿ. ನಾವು ಆ ದಿನ ಅವಳ ಮಾತು ಕೇಳಿ ಎತ್ತರದಲ್ಲಿ ಎರಡು ಗಂಟೆ ಕೂತಿದ್ದರೆ, ಮೋಡ ಹೋಗಿ, ಏನೂ ಆಗದೆ ಇಳಿದು ಬಂದಿದ್ದರೆ, ಅದನ್ನ ಯಾರು ಸಾಕ್ಷಿ ಅಂತ ಹೇಳ್ತಿದ್ದರು? "ಕೂತೆವು, ಸ್ಯಾಂಡ್‌ವಿಚ್ ತಿಂದೆವು, ಸಂಜೆ ಸಭೆ ತಪ್ಪಿತು" ಅಂದರೆ ನೀವು ಚಪ್ಪಾಳೆ ತಟ್ಟುತ್ತೀರಾ? ತಟ್ಟಲ್ಲ. ನಾನೂ ತಟ್ಟಲ್ಲ. ನಮ್ಮ ಸಭೆಗಳಲ್ಲಿ ಅಪಾಯದಿಂದ ಪಾರಾದವರಿಗೆ ಮೈಕ್ ಇದೆ, ಅಪಾಯಕ್ಕೆ ಹೋಗದವರಿಗೆ ಇಲ್ಲ. ಇದನ್ನ ಹೇಗೆ ಸರಿಮಾಡೋದು ನನಗೆ ಗೊತ್ತಿಲ್ಲ. ಹಿರಿಯರ ಜೊತೆ ಮಾತಾಡಿದ್ದೀನಿ, ಅವರು ಯೋಚನೆ ಮಾಡೋಣ ಅಂದಿದ್ದಾರೆ. ಒಂದು ಮಾತ್ರ ನಾನೇ ತೀರ್ಮಾನ ಮಾಡಿದ್ದೀನಿ. ಯಾರಾದರೂ ಒಬ್ಬರು "ಬೇಡ" ಅಂದ ವಿಷಯಕ್ಕೆ, ಅವರ ಮಾತು ಪೂರ್ತಿ ಕೇಳೋ ಮೊದಲು ನಾನು ಕಣ್ಣು ಮುಚ್ಚಲ್ಲ. ನೀವೂ ನನ್ನನ್ನ ಹಿಡಿದು ನಿಲ್ಲಿಸಬಹುದು. ಕಿರಿಯರಾದರೂ ಸರಿ, ಹೊಸಬರಾದರೂ ಸರಿ.

ಯೂತ್ ಗ್ರೂಪಿನಲ್ಲಿ ಸುಮ್ಮನಾದ ಸಹೋದರಿ ಇಲ್ಲೇ ಕೂತಿದ್ದಾಳೆ, ಹೆಸರು ಹೇಳಲ್ಲ. ತಂಗಿ, ನಿನ್ನ ಮೆಸೇಜಿಗೆ ಮೂರು ವಾರ ಆದರೂ ನಾನು ಉತ್ತರ ಕೊಟ್ಟಿಲ್ಲ. ಮೀಟಿಂಗ್ ಆದ ಮೇಲೆ ಟ್ರೆಕ್ ಹೋಗೋರೆಲ್ಲ ಒಂದು ಕಡೆ ಕೂರೋಣ, ಮೊದಲು ನೀನು ಮಾತಾಡು. ಆಮೇಲೆ ಪ್ರಾರ್ಥನೆ ಮಾಡೋಣ.

ಹಾಸನದ ತಂಗಿಗೆ ಹೋದ ವಾರ ಫೋನ್ ಮಾಡಿದ್ದೆ. ಅಲ್ಲಿ ಬೆಳಿಗ್ಗೆ, ಆಫೀಸಿಗೆ ಹೊರಟಿದ್ದಳು. ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಪರವಾಗಿಲ್ಲ ಸರ್. ಆ ವೀಡಿಯೋ ಇನ್ನೂ ಇದೆಯಾ?" ಅಂತ ಕೇಳಿದಳು. ಇದೆ, ತೆಗೆಸಿಬಿಡ್ತೀನಿ ಅಂದೆ. "ತೆಗೀಬೇಡಿ. ನೋಡಿದವರು ನೋಡಿಯಾಗಿದೆ. ಮಿಕ್ಕಿದ್ದನ್ನೂ ಅದರ ಜೊತೆಗೇ ಹಾಕಿ" ಅಂದಳು.

ಮೀಡಿಯಾ ಟೀಮ್ ತಮ್ಮಂದಿರು, ಇದನ್ನ ಹಾಕುವಾಗ ಹಳೇ ವೀಡಿಯೋದ ಕೆಳಗೇ ಹಾಕಿ. ಹೆಡ್ಡಿಂಗ್ ನಾನು ಬರೆದುಕೊಡ್ತೀನಿ. ಈಗ ಎಲ್ಲರೂ ಎದ್ದು ನಿಲ್ಲೋಣ.